ತೊಂಬತ್ತಾರು ಅರ್ಧಚ್ಛೇದಗಳ ಸಂಖ್ಯೆ

ಜೈನ ಆಗಮ ಸಾಹಿತ್ಯದ ಗಣಿತ ಭಾಗಗಳಲ್ಲಿ ಮತ್ತೆ ಮತ್ತೆ ಎದುರಾಗುವ, ಶತಮಾನಗಳ ಉದ್ದಕ್ಕೂ ವಾದಕ್ಕೆ ಒಳಗಾದ, ಆದರೂ ಒಂದು ಅಂಕೆಯೂ ಕೆಡದೆ ಉಳಿದುಬಂದ ಪೂರ್ಣಸಂಖ್ಯೆಯೊಂದಿದೆ: 79228162514264337593543950336. ಇಪ್ಪತ್ತೊಂಬತ್ತು ಅಂಕೆಗಳ ಈ ಸಂಖ್ಯೆ ತೊಂಬತ್ತಾರು ಎರಡುಗಳನ್ನು ಒಂದಕ್ಕೊಂದು ಗುಣಿಸಿದಾಗ ದೊರೆಯುವ ಗುಣಲಬ್ಧ, ಅಂದರೆ ಇಂದಿನ ಪರಿಭಾಷೆಯಲ್ಲಿ ಎರಡರ ತೊಂಬತ್ತಾರನೆಯ ಘಾತ. ಜೈನ ಗ್ರಂಥಕಾರರು ಇದನ್ನು ಲೋಕದಲ್ಲಿರುವ ಪರ್ಯಾಪ್ತ ಮನುಷ್ಯರ ಸಂಖ್ಯೆಯೆಂದು ಹೇಳಿದ್ದಾರೆ. ಗರ್ಭದಿಂದ ಹುಟ್ಟಿ ಆಹಾರ, ಶರೀರ, ಇಂದ್ರಿಯ ಮೊದಲಾದ ಶಕ್ತಿಗಳನ್ನು ಪೂರ್ತಿಯಾಗಿ ಪಡೆದ ಮನುಷ್ಯಜೀವಿಗೆ ಪರ್ಯಾಪ್ತ ಎಂಬುದು ಅಲ್ಲಿನ ಪಾರಿಭಾಷಿಕ ಪದ. ಆ ಲೋಕವಿವರಣೆಯಲ್ಲಿ ಎಲ್ಲ ಪ್ರಮಾಣಗಳೂ ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ಮೂರು ದೊಡ್ಡ ವರ್ಗಗಳಲ್ಲಿ ಹಂಚಿಹೋಗುತ್ತವೆ, ಮತ್ತು ಬಹುಪಾಲು ಜೀವರಾಶಿಗಳು ಕೊನೆಯ ಎರಡು ವರ್ಗಗಳಿಗೆ ಸೇರುವುದರಿಂದ ಅವುಗಳಿಗೆ ಅಂಕೆಗಳಲ್ಲಿ ಬರೆದು ತೋರಿಸುವಂಥ ಲೆಕ್ಕವೇ ಇಲ್ಲ. ಪರ್ಯಾಪ್ತ ಮನುಷ್ಯರಾದರೋ ಸಂಖ್ಯಾತಕ್ಕೆ, ಎಂದರೆ ಎಣಿಕೆಗೆ ಸಿಕ್ಕುವ ವರ್ಗಕ್ಕೆ, ಸೇರಿದವರು. ಆದ್ದರಿಂದಲೇ ಅವರ ಸಂಖ್ಯೆಯನ್ನು ಕೊನೆಯ ಅಂಕೆಯವರೆಗೂ ಹೇಳಿ ಮುಗಿಸಬೇಕೆಂಬ ಹಟ ಈ ಪರಂಪರೆಯಲ್ಲಿ ಬೆಳೆಯಿತು.

ಈ ಸಂಖ್ಯೆಯ ಹಳೆಯ ನಿರೂಪಣೆಗಳಲ್ಲಿ ಒಂದು ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರದಲ್ಲಿ ಸಿಗುತ್ತದೆ. ಅಲ್ಲಿ ಸಂಖ್ಯೆಯ ಅಂಕೆಗಳನ್ನು ಸಾಲಾಗಿ ಕೊಡುವ ಬದಲು ಅದನ್ನು ಹಲವು ಲಕ್ಷಣಗಳಿಂದ ಗುರುತಿಸಲಾಗಿದೆ: ಕೋಟಿಕೋಟಿ ಮೊದಲಾದ ಸ್ಥಾನಗಳಲ್ಲಿ ಬರೆದರೆ ಅದು ಇಪ್ಪತ್ತೊಂಬತ್ತು ಸ್ಥಾನಗಳನ್ನು ತುಂಬುತ್ತದೆ, ಅದು ಇಪ್ಪತ್ತನಾಲ್ಕನೆಯ ಸ್ಥಾನದಿಂದ ಆಚೆಗೂ ಮೂವತ್ತೆರಡನೆಯ ಸ್ಥಾನದಿಂದ ಈಚೆಗೂ ಇರುತ್ತದೆ, ಎರಡರ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದರೆ ಅದು ದೊರೆಯುತ್ತದೆ, ತೊಂಬತ್ತಾರು ಸಲ ಅರ್ಧ ಮಾಡಬಹುದಾದ ಸಂಖ್ಯೆಯೂ ಅದೇ. ಮೊದಲ ಎರಡು ಲಕ್ಷಣಗಳು ಸಂಖ್ಯೆಯ ಗಾತ್ರವನ್ನು ಮಾತ್ರ ಸೂಚಿಸುತ್ತವೆ, ಏಕೆಂದರೆ ಇಪ್ಪತ್ತೊಂಬತ್ತು ಸ್ಥಾನಗಳನ್ನು ತುಂಬುವ ಸಂಖ್ಯೆಗಳಿಗೆ ಲೆಕ್ಕವಿಲ್ಲ. ಕೊನೆಯ ಎರಡು ಲಕ್ಷಣಗಳು ಸಂಖ್ಯೆಯ ಒಳರಚನೆಯನ್ನು ಹೇಳುತ್ತವೆ, ಮತ್ತು ಅವುಗಳಲ್ಲಿ ಯಾವ ಒಂದನ್ನು ಹಿಡಿದು ಹೊರಟರೂ, ಒಂದು ಉಳಿಯುವವರೆಗೆ ಅರ್ಧಿಸುವುದೆಂಬ ಅರ್ಥದಲ್ಲಿ, ಒಂದೇ ಒಂದು ಸಂಖ್ಯೆ ಕೈಗೆ ಬರುತ್ತದೆ. ಗಾತ್ರದಿಂದ ಹೇಳುವುದಕ್ಕೂ ರಚನೆಯಿಂದ ಹೇಳುವುದಕ್ಕೂ ಇರುವ ಈ ಅಂತರ ಮುಂದೆ ಒಂದು ದೊಡ್ಡ ಭಿನ್ನಾಭಿಪ್ರಾಯಕ್ಕೆ ಎಡೆಮಾಡಿತು.

ಐದನೆಯ ವರ್ಗ, ಆರನೆಯ ವರ್ಗ ಎಂಬ ಮಾತುಗಳನ್ನು ಇಲ್ಲಿ ಬಿಡಿಸಿ ಹೇಳಬೇಕು. ಎರಡನ್ನು ಎರಡರಿಂದ ಗುಣಿಸಿದರೆ ಬರುವ 4 ಮೊದಲನೆಯ ವರ್ಗ. ಅದನ್ನು ಅದರಿಂದಲೇ ಗುಣಿಸಿದರೆ ಬರುವ 16 ಎರಡನೆಯದು. ಹೀಗೆಯೇ 256 ಮೂರನೆಯದು, 65536 ನಾಲ್ಕನೆಯದು, 4294967296 ಐದನೆಯದು, 18446744073709551616 ಆರನೆಯದು. ಈ ಸರಣಿಗೆ ದ್ವಿರೂಪವರ್ಗಧಾರೆ ಎಂದು ಹೆಸರು, ಮತ್ತು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿ ವಿವರಿಸಿರುವ ಹದಿನಾಲ್ಕು ಧಾರೆಗಳಲ್ಲಿ ಇದೂ ಒಂದು. ಇಲ್ಲಿ ಹೇಳಿದವುಗಳಲ್ಲಿ ಕೊನೆಯ ಮೂರು ಪದಗಳು ಎಷ್ಟು ಬಳಕೆಯಲ್ಲಿದ್ದವೆಂದರೆ ಅವುಗಳಿಗೆ ಪ್ರಾಕೃತದಲ್ಲಿ ಅಡ್ಡಹೆಸರುಗಳೇ ಹುಟ್ಟಿಕೊಂಡವು: 65536ಕ್ಕೆ ಪಣ್ಣಟ್ಠೀ, 4294967296ಕ್ಕೆ ಬಾದಾಲ, ಆರನೆಯ ವರ್ಗಕ್ಕೆ ಏಕಟ್ಠೀ. ಅರವತ್ತೈದು, ನಲವತ್ತೆರಡು, ಒಂದು-ಎಂಟು ಎಂದು ಆಯಾ ಸಂಖ್ಯೆಯ ಮೊದಲ ಎರಡು ಅಂಕೆಗಳನ್ನು ಹೇಳಿದರೆ ಉಳಿದದ್ದು ಓದುಗನಿಗೆ ನೆನಪಾಗುತ್ತದೆ ಎಂಬ ಭರವಸೆ ಈ ಹೆಸರುಗಳ ಹಿಂದಿದೆ, ಮತ್ತು ಇಪ್ಪತ್ತು ಅಂಕೆಗಳ ಸಂಖ್ಯೆಯೊಂದನ್ನು ಅದರ ಮೊದಲ ಅಂಕೆಗಳಿಂದಲೇ ಗುರುತಿಸುವಷ್ಟು ಸಲಿಗೆ ಆ ವಿದ್ವತ್ ವಲಯದಲ್ಲಿ ಇತ್ತೆಂಬುದೇ ಗಮನಾರ್ಹ.

ಬಾದಾಲ ಮತ್ತು ಏಕಟ್ಠೀಗಳನ್ನು ಗುಣಿಸುವ ಕೆಲಸ ಕೈಲೆಕ್ಕದಲ್ಲಿ ಹಗುರವಾದದ್ದಲ್ಲ. ಹತ್ತು ಅಂಕೆಗಳ ಒಂದು ಸಂಖ್ಯೆಯನ್ನು ಇಪ್ಪತ್ತು ಅಂಕೆಗಳ ಇನ್ನೊಂದರಿಂದ ಗುಣಿಸಬೇಕಾದರೆ ಇನ್ನೂರು ಒಂಟಿ ಅಂಕೆಯ ಗುಣಾಕಾರಗಳು ಬೇಕಾಗುತ್ತವೆ, ಜೊತೆಗೆ ಅವುಗಳ ದಶಕಗಳನ್ನು ಮುಂದಿನ ಸ್ಥಾನಕ್ಕೆ ಒಯ್ದು ಕೂಡಬೇಕಾಗುತ್ತದೆ. ಆ ಕಾಲದ ಗಣಕರು ಇದಕ್ಕೆ ಕವಾಟಸಂಧಿ ಎಂಬ ವಿಧಾನವನ್ನು ಬಳಸುತ್ತಿದ್ದರು. ಅದರಲ್ಲಿ ಗುಣ್ಯ ಮತ್ತು ಗುಣಕಗಳನ್ನು ಒಂದರ ಕೆಳಗೊಂದು ಬರೆದು, ಗುಣಕವನ್ನು ಒಂದೊಂದೇ ಸ್ಥಾನ ಸರಿಸುತ್ತಾ, ಮುಗಿದ ಅಂಕೆಯನ್ನು ಅಳಿಸಿ ಹೊಸದನ್ನು ಬರೆಯುತ್ತಾ ಹೋಗಲಾಗುತ್ತಿತ್ತು. ಇದಕ್ಕಿಂತ ಚಿಕ್ಕದಾದ ಇನ್ನೊಂದು ದಾರಿಯೂ ಉಂಟು. ಎರಡರ ಘನವಾದ 8ರಿಂದ ಹೊರಟು ಐದು ಬಾರಿ ವರ್ಗ ಮಾಡಿದರೆ 64, 4096, 16777216, 281474976710656 ಎಂಬ ಮೆಟ್ಟಿಲುಗಳನ್ನು ಹತ್ತಿ ಅದೇ ಇಪ್ಪತ್ತೊಂಬತ್ತು ಅಂಕೆಗಳ ಸಂಖ್ಯೆಯನ್ನು ಮುಟ್ಟಬಹುದು. ಹೀಗಾಗಿ ಈ ಸಂಖ್ಯೆ ವರ್ಗಧಾರೆಯಲ್ಲಿ ಕಾಣಿಸದೆ, ಅದರ ಆರನೆಯ ಮತ್ತು ಏಳನೆಯ ಪದಗಳ ನಡುವೆ ಉಳಿದುಬಿಟ್ಟರೂ, ದ್ವಿರೂಪಘನಧಾರೆ ಎಂಬ ಪಕ್ಕದ ಸರಣಿಯಲ್ಲಿ ತನ್ನದೇ ಆದ ಸ್ಥಾನವನ್ನು ಪಡೆದಿದೆ. ತೊಂಬತ್ತಾರಕ್ಕೆ ಒಂದನ್ನು ಬಿಟ್ಟು ಹನ್ನೊಂದು ಭಾಜಕಗಳಿರುವುದರಿಂದ ಈ ಸಂಖ್ಯೆಯನ್ನು ಒಂದು ಪೂರ್ಣಸಂಖ್ಯೆಯ ವರ್ಗವೆಂದು, ಘನವೆಂದು, ನಾಲ್ಕನೆಯ, ಆರನೆಯ, ಎಂಟನೆಯ, ಹನ್ನೆರಡನೆಯ ಘಾತವೆಂದು, ಹೀಗೆ ಹನ್ನೊಂದು ಬಗೆಯಲ್ಲಿ ಹೇಳಬಹುದು. ಇಷ್ಟೊಂದು ಬಗೆಗಳಲ್ಲಿ ತೆರೆದುಕೊಳ್ಳುವುದೇ ಅದನ್ನು ಶಾಸ್ತ್ರಕಾರರಿಗೆ ಪ್ರಿಯವಾಗಿಸಿರಬೇಕು.

ಅರ್ಧ ಮಾಡುವ ಲಕ್ಷಣವನ್ನು ಒಂದು ಪೂರ್ಣ ಗಣಿತ ಕಲ್ಪನೆಯಾಗಿ ಬೆಳೆಸಿದವರು ವೀರಸೇನಾಚಾರ್ಯರು. ಷಟ್ಖಂಡಾಗಮವೆಂಬ ದಿಗಂಬರ ಸಿದ್ಧಾಂತಗ್ರಂಥಕ್ಕೆ ಅವರು ಪ್ರಾಕೃತ ಮತ್ತು ಸಂಸ್ಕೃತಗಳನ್ನು ಬೆರೆಸಿ ಬರೆದ ಧವಲಾ ಟೀಕೆ ಎಪ್ಪತ್ತೆರಡು ಸಾವಿರ ಶ್ಲೋಕಗಳಷ್ಟು ವಿಸ್ತಾರವಾದದ್ದು; ಅದು ಕ್ರಿ.ಶ. 816ರಲ್ಲಿ ಮುಗಿಯಿತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅಷ್ಟು ಆ ಸಂಖ್ಯೆಯ ಅರ್ಧಚ್ಛೇದಗಳು ಎಂದು ಅವರ ವ್ಯಾಖ್ಯೆ. 32ಕ್ಕೆ ಐದು ಅರ್ಧಚ್ಛೇದಗಳು, 65536ಕ್ಕೆ ಹದಿನಾರು. ಮೂರರಿಂದ ಭಾಗಿಸುವುದಕ್ಕೆ ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುವುದಕ್ಕೆ ಚತುರ್ಥಚ್ಛೇದ, ಅರ್ಧಚ್ಛೇದಗಳ ಅರ್ಧಚ್ಛೇದಕ್ಕೆ ವರ್ಗಶಲಾಕೆ ಎಂಬ ಹೆಸರುಗಳೂ ಅವರಲ್ಲಿವೆ. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ, ಭಾಗಿಸಿದರೆ ಒಂದರಿಂದ ಒಂದು ಕಳೆಯುತ್ತವೆ, ವರ್ಗ ಮಾಡಿದರೆ ಇಮ್ಮಡಿಯಾಗುತ್ತವೆ ಎಂಬ ನಿಯಮಗಳನ್ನು ಅವರು ಸ್ಪಷ್ಟವಾಗಿ ಬಳಸಿದ್ದಾರೆ. ಅನುಯೋಗದ್ವಾರಸೂತ್ರ ಪಕ್ಕಪಕ್ಕದಲ್ಲಿಟ್ಟು ಸುಮ್ಮನಾದ ಎರಡು ಲಕ್ಷಣಗಳ ನಡುವಿನ ಸಂಬಂಧ ಇಲ್ಲಿ ತಾನಾಗಿ ಬಯಲಾಗುತ್ತದೆ: ಐದನೆಯ ವರ್ಗಕ್ಕೆ ಮೂವತ್ತೆರಡು ಅರ್ಧಚ್ಛೇದಗಳು, ಆರನೆಯ ವರ್ಗಕ್ಕೆ ಅರವತ್ತನಾಲ್ಕು, ಎರಡನ್ನೂ ಗುಣಿಸಿದಾಗ ಛೇದಗಳು ಕೂಡಿಕೊಂಡು ತೊಂಬತ್ತಾರಾಗುತ್ತವೆ.

ಇಂದಿನ ಗಣಿತದಲ್ಲಿ ಎರಡನ್ನು ಆಧಾರವಾಗಿಟ್ಟುಕೊಂಡ ಲಾಗರಿದಂ ಎಂದು ಕರೆಯುವ ಕಲ್ಪನೆಗೂ ಅರ್ಧಚ್ಛೇದಕ್ಕೂ ಇರುವ ಹೋಲಿಕೆ ಆಕಸ್ಮಿಕವಾದುದಲ್ಲ. ಎರಡರ ಘಾತಗಳ ಮಟ್ಟಿಗೆ ಅವೆರಡೂ ಒಂದೇ. ಆದರೆ ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಲಾಗರಿದಂ ಹುಟ್ಟಿದ್ದು ಖಗೋಳ ಗಣನೆಯ ಗುಣಾಕಾರಗಳನ್ನು ಸಂಕಲನಕ್ಕೆ ಇಳಿಸಿ ಶ್ರಮ ಉಳಿಸುವುದಕ್ಕಾಗಿ, ಮತ್ತು ಅದಕ್ಕೆ ಸಿದ್ಧ ಕೋಷ್ಟಕಗಳ ಬೆಂಬಲವಿತ್ತು. ವೀರಸೇನರಿಗೆ ಬೇಕಾಗಿದ್ದದ್ದು ಕೋಷ್ಟಕವಲ್ಲ. ಬರೆದು ಮುಗಿಸಲಾಗದ ಸಂಖ್ಯೆಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ತೀರ್ಮಾನಿಸುವ ಅಳತೆಗೋಲು ಅವರಿಗೆ ಬೇಕಿತ್ತು. ಒಂದು ಸಂಖ್ಯೆಯನ್ನು ಅದರಷ್ಟೇ ಘಾತಕ್ಕೆ ಏರಿಸುವ ವರ್ಗಿತಸಂವರ್ಗಿತವೆಂಬ ಕ್ರಿಯೆಯನ್ನು ಎರಡರ ಮೇಲೆ ಮೂರು ಸಲ ನಡೆಸಿದರೆ ಮೊದಲು 4, ಆಮೇಲೆ 256, ಅದರ ನಂತರ 256ರ 256ನೆಯ ಘಾತ ಬರುತ್ತದೆ. ಈ ಕೊನೆಯದಕ್ಕೆ 617 ಅಂಕೆಗಳು. ಅದನ್ನು ಬರೆಯಲು ಒಂದಿಡೀ ಪುಟ ಬೇಕಾದರೆ ಅದರ ಅರ್ಧಚ್ಛೇದಗಳನ್ನು ಹೇಳಲು 2048 ಎಂಬ ಒಂದು ಸಣ್ಣ ಸಂಖ್ಯೆ ಸಾಕು.

ಮನುಷ್ಯಸಂಖ್ಯೆಯ ವಿಷಯದಲ್ಲಿ ಮಾತ್ರ ವೀರಸೇನರು ತೊಂಬತ್ತಾರು ಅರ್ಧಚ್ಛೇದಗಳ ಪಕ್ಷವನ್ನು ಒಪ್ಪಲಿಲ್ಲ, ಮತ್ತು ಇಡೀ ಚರಿತ್ರೆಯಲ್ಲಿ ಹೆಚ್ಚು ಕುತೂಹಲಕರವಾದ ಘಟ್ಟ ಇದೇ. ಅವರು ಟೀಕೆ ಬರೆಯುತ್ತಿದ್ದ ಷಟ್ಖಂಡಾಗಮಕ್ಕೆ ಕರ್ನಾಟಕದೊಂದಿಗೆ ಮೊದಲಿನಿಂದಲೂ ನಂಟಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಂದ ಶ್ರುತವನ್ನು, ಎಂದರೆ ಆಗಮಜ್ಞಾನವನ್ನು, ಕಲಿತ ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರಲ್ಲಿ ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ಬನವಾಸಿ ನಾಡಿಗೆ, ಬಂದು ಮೊದಲ ಸೂತ್ರಗಳನ್ನು ರಚಿಸಿ ಜಿನಪಾಲಿತನ ಕೈಯಲ್ಲಿ ಭೂತಬಲಿಗಳಿಗೆ ಕಳುಹಿಸಿದರೆಂದೂ, ಉಳಿದ ಭಾಗವನ್ನು ಭೂತಬಲಿಗಳು ಪೂರೈಸಿದರೆಂದೂ ಧವಲಾ ಟೀಕೆಯೇ ಹೇಳುತ್ತದೆ. ಆ ಉಳಿದ ಭಾಗದಲ್ಲಿ, ಜೀವರಾಶಿಗಳ ಪ್ರಮಾಣವನ್ನು ಹೇಳುವ ದ್ರವ್ಯಪ್ರಮಾಣಾನುಗಮ ಪ್ರಕರಣದಲ್ಲಿ, ಮನುಷ್ಯರ ಸಂಖ್ಯೆಗೆ ಎರಡು ಜೋಡಿ ಎಲ್ಲೆಗಳನ್ನು ಹಾಕಲಾಗಿದೆ: ಅದು ಕೋಟಿಕೋಟಿಕೋಟಿಗಿಂತ ಹೆಚ್ಚು, ಕೋಟಿಕೋಟಿಕೋಟಿಕೋಟಿಗಿಂತ ಕಡಿಮೆ, ಆರನೆಯ ವರ್ಗಕ್ಕಿಂತ ಹೆಚ್ಚು, ಏಳನೆಯ ವರ್ಗಕ್ಕಿಂತ ಕಡಿಮೆ. ಮೂರು ಕೋಟಿಗಳನ್ನು ಗುಣಿಸಿದರೆ ಒಂದರ ಮುಂದೆ ಇಪ್ಪತ್ತೊಂದು ಸೊನ್ನೆ, ನಾಲ್ಕನ್ನು ಗುಣಿಸಿದರೆ ಇಪ್ಪತ್ತೆಂಟು ಸೊನ್ನೆ. ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧ ಎರಡನೆಯ ಜೋಡಿಯ ನಡುವೆ ಸಲೀಸಾಗಿ ಕೂರುತ್ತದೆ. ಮೊದಲ ಜೋಡಿಯಲ್ಲಿ ತೊಡಕು ಬರುತ್ತದೆ. ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆಗಳಿರುವ ಸಂಖ್ಯೆಗೂ ಇಪ್ಪತ್ತೊಂಬತ್ತು ಸ್ಥಾನಗಳು, ಎರಡರ ತೊಂಬತ್ತಾರನೆಯ ಘಾತಕ್ಕೂ ಇಪ್ಪತ್ತೊಂಬತ್ತು ಸ್ಥಾನಗಳು. ಆದರೆ ಮೊದಲನೆಯದರ ತುದಿಯಲ್ಲಿ 1 ಇದ್ದರೆ ಎರಡನೆಯದರ ತುದಿಯಲ್ಲಿ 7 ಇದೆ. ಸ್ಥಾನಗಳನ್ನಷ್ಟೇ ಎಣಿಸಿದವರಿಗೆ ಎರಡೂ ಸಮವಾಗಿ ಕಂಡಿರಬಹುದು, ನಿಜದಲ್ಲಿ ಅದು ಸೂತ್ರದ ಮೇಲೆಲ್ಲೆಯನ್ನು ಸುಮಾರು ಎಂಟು ಪಟ್ಟು ಮೀರಿದೆ.

ವೀರಸೇನರು ಈ ವ್ಯತ್ಯಾಸವನ್ನು ಹಿಡಿದರು. ಐದನೆಯ ವರ್ಗವನ್ನು ಆರನೆಯದರಿಂದ ಗುಣಿಸಬೇಕೆಂದು ಕೆಲವು ಆಚಾರ್ಯರು ಹೇಳುವುದನ್ನು ಉಲ್ಲೇಖಿಸಿ, ಆ ಫಲ ಸೂತ್ರಕ್ಕೆ ಹೊಂದುವುದಿಲ್ಲವೆಂದು ತೋರಿಸಿದರು. ಅಷ್ಟಕ್ಕೇ ನಿಲ್ಲದೆ ಮನುಷ್ಯರು ವಾಸಿಸುವ ನಲವತ್ತೈದು ಲಕ್ಷ ಯೋಜನ ವ್ಯಾಸದ ಕ್ಷೇತ್ರದ ವಿಸ್ತೀರ್ಣವನ್ನು ಲೆಕ್ಕ ಹಾಕಿ, ಅಷ್ಟೊಂದು ಜನ ಅಲ್ಲಿ ಹಿಡಿಸಲಾರರೆಂದು ವಾದಿಸಿದರು. ಆಗಮದ ಮಾತು ಪ್ರಮಾಣವಾಗಿರುವ ಶಾಸ್ತ್ರದೊಳಗೆ ನಿಂತು, ಗೌರವಾರ್ಹ ಪರಂಪರೆಯೊಂದು ಹೇಳಿಕೊಂಡು ಬಂದ ಸಂಖ್ಯೆಯನ್ನು ಅಂಕಗಣಿತದಿಂದಲೂ ಕ್ಷೇತ್ರಗಣಿತದಿಂದಲೂ ಪರೀಕ್ಷೆಗೆ ಒಡ್ಡಿದ ಈ ರೀತಿ ಭಾರತೀಯ ಟೀಕಾಸಾಹಿತ್ಯದ ಹೆಮ್ಮೆಯ ಸ್ಥಳಗಳಲ್ಲಿ ಒಂದೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಲೋಕದಲ್ಲಿ ನಿಜವಾಗಿ ಎಷ್ಟು ಜನರಿದ್ದಾರೆಂಬ ಇಂದಿನ ಪ್ರಶ್ನೆಯನ್ನು ಅಲ್ಲಿ ಹುಡುಕುವುದು ಸರಿಯಲ್ಲ. ಅವರ ಕಾಳಜಿ ಇದ್ದದ್ದು ಒಂದು ಲೋಕವಿವರಣೆಯ ಅಂಗಗಳು ಒಂದಕ್ಕೊಂದು ಹೊಂದಬೇಕೆಂಬುದರಲ್ಲಿ, ಮತ್ತು ಆ ಹೊಂದಾಣಿಕೆಯನ್ನು ಅವರು ಲೆಕ್ಕದಿಂದಲೇ ಅಳೆದರು.

ಧವಲಾ ಟೀಕೆ ಮುಗಿದ ಕಾಲದಲ್ಲಿ ರಾಷ್ಟ್ರಕೂಟರ ಸಿಂಹಾಸನಕ್ಕೆ ಅಮೋಘವರ್ಷ ನೃಪತುಂಗ ಬಂದಿದ್ದ. ವೀರಸೇನರ ಶಿಷ್ಯ ಜಿನಸೇನರು, ಗುರು ಅರ್ಧದಲ್ಲಿ ಬಿಟ್ಟುಹೋದ ಜಯಧವಲಾ ಟೀಕೆಯನ್ನು 837ರಲ್ಲಿ ಪೂರ್ಣಗೊಳಿಸಿದರು. ಅದೇ ಅರಸನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದರು. ಏಕದಿಂದ ಆರಂಭವಾಗಿ ಮಹಾಕ್ಷೋಭದಲ್ಲಿ ಮುಗಿಯುವ ಇಪ್ಪತ್ತನಾಲ್ಕು ಸ್ಥಾನಗಳ ಹೆಸರನ್ನು ಅವರು ಕೊಟ್ಟಿದ್ದಾರೆ. ಮನುಷ್ಯಸಂಖ್ಯೆ ಇಪ್ಪತ್ತನಾಲ್ಕನೆಯ ಸ್ಥಾನದಿಂದ ಆಚೆಗಿದೆ ಎಂಬ ಹಳೆಯ ಲಕ್ಷಣದ ಪ್ರಕಾರ ಅದರ ಮೇಲಿನ ಐದು ಅಂಕೆಗಳಿಗೆ ಈ ಪಟ್ಟಿಯಲ್ಲಿ ಹೆಸರೇ ಇಲ್ಲ. ದೊಡ್ಡ ಸಂಖ್ಯೆಗಳ ಬಗ್ಗೆ ಮಹಾವೀರರ ಒಲವು ಬೇರೆಯ ಕಡೆಗಿತ್ತು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ ತೋರುವ, ಕೊರಳ ಹಾರದಂಥ ಗುಣಲಬ್ಧಗಳನ್ನು ಅವರು ಲೆಕ್ಕಗಳಾಗಿ ಕೊಟ್ಟಿದ್ದಾರೆ: 152207ನ್ನು 73ರಿಂದ ಗುಣಿಸಿದರೆ 11111111, 142857143ನ್ನು 7ರಿಂದ ಗುಣಿಸಿದರೆ 1000000001, 27994681ನ್ನು 441ರಿಂದ ಗುಣಿಸಿದರೆ 12345654321. ಕೊನೆಯ ಲೆಕ್ಕದ ಎರಡು ಗುಣಕಗಳೂ ವರ್ಗಸಂಖ್ಯೆಗಳು, ಒಂದು 5291ರದು, ಇನ್ನೊಂದು 21ರದು. ಆದ್ದರಿಂದ ಫಲವೂ 111111ರ ವರ್ಗವೇ ಆಗಿ ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುತ್ತದೆ. ಇಂಥ ಸೌಂದರ್ಯ ಹತ್ತರ ಸ್ಥಾನಪದ್ಧತಿಯಲ್ಲಿ ಬರೆದಾಗ ಮಾತ್ರ ಕಾಣುವಂಥದ್ದು. ಅರ್ಧಚ್ಛೇದವಾದರೋ ಸಂಖ್ಯೆಯನ್ನು ಯಾವ ಪದ್ಧತಿಯಲ್ಲಿ ಬರೆದರೂ, ಬರೆಯದೆಯೇ ಇದ್ದರೂ, ಬದಲಾಗದ ಗುಣ.

ಒಂದೂವರೆ ಶತಮಾನದ ನಂತರ ಈ ಸಂಖ್ಯೆ ಗಂಗರ ನಾಡಿನಲ್ಲಿ ಮತ್ತೆ ತಲೆಯೆತ್ತಿತು. ಮಾರಸಿಂಹ ಮತ್ತು ರಾಚಮಲ್ಲರ ಮಂತ್ರಿಯಾಗಿದ್ದ ಚಾವುಂಡರಾಯನು 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ. ಅವನ ಗುರುಸ್ಥಾನದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಅವನಿಗಾಗಿ ಸಿದ್ಧಾಂತಗ್ರಂಥಗಳ ಸಾರವನ್ನು ಪ್ರಾಕೃತ ಗಾಥೆಗಳಲ್ಲಿ ಇಳಿಸಿದರು. ಗೊಮ್ಮಟನೆಂಬ ಹೆಸರೂ ಇದ್ದ ಚಾವುಂಡರಾಯನಿಂದಲೇ ಅದು ಗೊಮ್ಮಟಸಾರವಾಯಿತು. ಅದರ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಐದನೆಯ ವರ್ಗದ ಘನವೆಂದು ಹೇಳಲಾಗಿದೆ. ಮೂವತ್ತೆರಡು ಅರ್ಧಚ್ಛೇದಗಳ ಸಂಖ್ಯೆಯ ಘನಕ್ಕೆ ತೊಂಬತ್ತಾರು ಅರ್ಧಚ್ಛೇದಗಳು. ಎಂದರೆ ವೀರಸೇನರು ತಳ್ಳಿಹಾಕಿದ ಸಂಖ್ಯೆಯೇ ಇಲ್ಲಿ ಸಿದ್ಧಾಂತವಾಗಿ ನಿಂತಿದೆ. ಗೊಮ್ಮಟಸಾರದ ಬಹುಭಾಗಕ್ಕೆ ಧವಲಾ ಟೀಕೆಯೇ ಆಕರವಾಗಿರುವುದರಿಂದ ಆ ಆಕ್ಷೇಪ ನೇಮಿಚಂದ್ರರ ಕಣ್ಣಿಗೆ ಬೀಳದೆ ಹೋಗಿರುವ ಸಂಭವ ತೀರ ಕಡಿಮೆ. ಎರಡು ಎಲ್ಲೆಗಳ ನಡುವೆ ಎಲ್ಲೋ ಇದೆ ಎಂಬ ಮಾತಿಗಿಂತ, ಒಂದೇ ಪದದಲ್ಲಿ ಹೇಳಿ ಮುಗಿಸಬಹುದಾದ ನಿಶ್ಚಿತ ಸಂಖ್ಯೆ ಬೋಧನೆಯ ಗ್ರಂಥಕ್ಕೆ ಹೆಚ್ಚು ಒಗ್ಗಿತೆಂದು ಊಹಿಸಬಹುದು.

ಘನವೆಂದು ಹೇಳಿದ ಬೆನ್ನಿಗೇ ಬರುವ ಗಾಥೆ ಆ ಸಂಖ್ಯೆಯ ಇಪ್ಪತ್ತೊಂಬತ್ತು ಅಂಕೆಗಳನ್ನೂ ಅಕ್ಷರಗಳಲ್ಲಿ ಬಚ್ಚಿಟ್ಟಿದೆ. ಇದಕ್ಕೆ ಬಳಸಿರುವುದು ಕಟಪಯಾದಿ ಪದ್ಧತಿ. ಅದರಲ್ಲಿ ಕಕಾರದಿಂದ ಝಕಾರದವರೆಗಿನ ಒಂಬತ್ತು ವ್ಯಂಜನಗಳಿಗೂ ಟಕಾರದಿಂದ ಧಕಾರದವರೆಗಿನ ಒಂಬತ್ತಕ್ಕೂ ಒಂದರಿಂದ ಒಂಬತ್ತರವರೆಗಿನ ಬೆಲೆ, ಪಕಾರದಿಂದ ಮಕಾರದವರೆಗೆ ಒಂದರಿಂದ ಐದು, ಯಕಾರದಿಂದ ಹಕಾರದವರೆಗೆ ಒಂದರಿಂದ ಎಂಟು, ಞಕಾರ ನಕಾರಗಳಿಗೆ ಸೊನ್ನೆ. ವ್ಯಂಜನಕ್ಕೆ ಸೇರಿದ ಸ್ವರಕ್ಕೆ ಬೆಲೆಯಿಲ್ಲ, ಮತ್ತು ಅಂಕೆಗಳನ್ನು ಬಿಡಿಸ್ಥಾನದಿಂದ ಎಡಕ್ಕೆ ಬರೆಯುತ್ತಾ ಹೋಗಬೇಕು. ಗಾಥೆಯ ಮೊದಲಕ್ಷರ ತಕಾರ, ಟಕಾರದಿಂದ ಎಣಿಸಿದರೆ ಅದು ಆರನೆಯದು. ಮುಂದಿನ ಎರಡೂ ಲಕಾರಗಳು, ಯಕಾರದಿಂದ ಮೂರನೆಯವು. ನಾಲ್ಕನೆಯದು ನಕಾರ, ಸೊನ್ನೆ. ಬಲದಿಂದ ಎಡಕ್ಕೆ 6, 3, 3, 0 ಎಂದು ಬರೆದಾಗ ಸಂಖ್ಯೆಯ ಕೊನೆಯ ನಾಲ್ಕು ಅಂಕೆಗಳಾದ 0336 ಮೂಡುತ್ತವೆ. ಪೂರ್ವಾರ್ಧದ ಇಪ್ಪತ್ತೆರಡು ಅಕ್ಷರಗಳು ಇಪ್ಪತ್ತೆರಡು ಅಂಕೆಗಳನ್ನು ಕೊಡುತ್ತವೆ. ಉತ್ತರಾರ್ಧದ ಮೊದಲ ಏಳು ಅಕ್ಷರಗಳಲ್ಲಿ ಉಳಿದ ಏಳು ಅಂಕೆಗಳು ಬಂದು, ಝಕಾರದ 9 ಮತ್ತು ಸಕಾರದ 7 ಎಡತುದಿಯಲ್ಲಿ ನಿಲ್ಲುತ್ತವೆ. ಇವು ಪರ್ಯಾಪ್ತ ಮನುಷ್ಯರ ಸಂಖ್ಯೆಯ ಅಂಕೆಗಳು ಎಂಬ ಮಾತಿನಿಂದ ಗಾಥೆ ಮುಗಿಯುತ್ತದೆ.

ಅಂಕೆಗಳನ್ನೂ ಲಕ್ಷಣವನ್ನೂ ಹೀಗೆ ಜೋಡಿಯಾಗಿ ಇಟ್ಟದ್ದರಿಂದ ಆದ ಉಪಕಾರ ದೊಡ್ಡದು. ತಾಳೆಗರಿಯಿಂದ ತಾಳೆಗರಿಗೆ ನಕಲಾಗುವಾಗ ಅಂಕೆ ತಪ್ಪುವುದು ಸಹಜ, ಮತ್ತು ಸಾಮಾನ್ಯ ಸಂಖ್ಯೆಯೊಂದರಲ್ಲಿ ತಪ್ಪಿದ ಅಂಕೆಯನ್ನು ಕಂಡುಹಿಡಿಯಲು ಬೇರೆ ಪ್ರತಿ ಸಿಗದ ಹೊರತು ಉಪಾಯವಿಲ್ಲ. ಈ ಸಂಖ್ಯೆಯ ಮಾತು ಹಾಗಲ್ಲ. ಇಪ್ಪತ್ತೊಂಬತ್ತು ಅಂಕೆಗಳಲ್ಲಿ ಯಾವ ಒಂದು ಬದಲಾದರೂ ಹೊಸ ಸಂಖ್ಯೆಯನ್ನು ಹೆಚ್ಚೆಂದರೆ ಮೂವತ್ತು ಸಲ ಅರ್ಧಿಸಬಹುದು, ಆಮೇಲೆ ಬೆಸಸಂಖ್ಯೆ ಅಡ್ಡ ಬರುತ್ತದೆ. ಕೊನೆಯ ಅಂಕೆ 6ರ ಬದಲು 7 ಆದರೆ ಮೊದಲ ಹೆಜ್ಜೆಯಲ್ಲೇ ತಪ್ಪು ಬಯಲು. ಎಡತುದಿಯ 7ರ ಬದಲು 6 ಎಂದು ಬರೆದರೆ ಇಪ್ಪತ್ತೆಂಟು ಸಲ ಅರ್ಧವಾಗಿ ಇಪ್ಪತ್ತೊಂಬತ್ತನೆಯ ಸಲಕ್ಕೆ ನಿಂತುಹೋಗುತ್ತದೆ. ತಾಳ್ಮೆಯುಳ್ಳ ಓದುಗನು ಬಲತುದಿಯಿಂದಲೇ ಪರೀಕ್ಷೆಯನ್ನು ಆರಂಭಿಸಬಹುದು: 36 ನಾಲ್ಕರಿಂದ, 336 ಎಂಟರಿಂದ, 50336 ಮೂವತ್ತೆರಡರಿಂದ, 950336 ಅರವತ್ತನಾಲ್ಕರಿಂದ ಶೇಷವಿಲ್ಲದೆ ಭಾಗವಾಗುತ್ತವೆ. ಎಲ್ಲ ಅಂಕೆಗಳನ್ನೂ ಕೂಡಿದರೆ 127 ಬರುತ್ತದೆ, ಒಂಬತ್ತರಿಂದ ಭಾಗಿಸಿದರೆ ಶೇಷ 1. ಅರವತ್ತನಾಲ್ಕನ್ನು ಒಂಬತ್ತರಿಂದ ಭಾಗಿಸಿದಾಗಲೂ ಶೇಷ 1 ಉಳಿಯುವುದರಿಂದ, ಅರವತ್ತನಾಲ್ಕರ ಹದಿನಾರನೆಯ ಘಾತವಾದ ಈ ಸಂಖ್ಯೆಗೂ ಅದೇ ಶೇಷ ಬರಬೇಕಾದದ್ದು ನ್ಯಾಯ.

ಏಕಟ್ಠೀಗೂ ಗೊಮ್ಮಟಸಾರದಲ್ಲಿ ಇನ್ನೊಂದು ಕೆಲಸವಿದೆ. ಇಪ್ಪತ್ತೇಳು ಸ್ವರ, ಮೂವತ್ತಮೂರು ವ್ಯಂಜನ, ನಾಲ್ಕು ಯೋಗವಾಹಗಳು ಸೇರಿ ಅರವತ್ತನಾಲ್ಕು ಮೂಲಾಕ್ಷರಗಳೆಂದು ಎಣಿಸಿ, ಅವುಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಅರವತ್ತನಾಲ್ಕರವರೆಗೆ ಕೂಡಿಸಿದಾಗ ಆಗುವ ಸಂಯೋಗಗಳೇ ಸಮಸ್ತ ಶ್ರುತದ ಅಕ್ಷರಗಳೆಂದು ಹೇಳಲಾಗಿದೆ. ಅವುಗಳ ಸಂಖ್ಯೆ ಏಕಟ್ಠೀಗಿಂತ ಒಂದು ಕಡಿಮೆ, 18446744073709551615. ಮಧ್ಯಮ ಪದವೆಂಬ ಒಂದು ಅಳತೆಗೆ 16348307888 ಅಕ್ಷರಗಳೆಂಬ ಲೆಕ್ಕದಲ್ಲಿ ಇದನ್ನು ಭಾಗಿಸಿದರೆ 1128358005 ಪದಗಳಾಗಿ 80108175 ಅಕ್ಷರಗಳು ಮಿಗುತ್ತವೆ; ಪದಗಳು ಅಂಗಗ್ರಂಥಗಳೊಳಗಿನ ಅಂಗಪ್ರವಿಷ್ಟ ಶ್ರುತಕ್ಕೆ, ಮಿಕ್ಕ ಅಕ್ಷರಗಳು ಅವುಗಳ ಹೊರಗಿನ ಅಂಗಬಾಹ್ಯ ಶ್ರುತಕ್ಕೆ ಸೇರುತ್ತವೆ. ಈ ಭಾಗಾಕಾರವನ್ನು ಈಗ ಮಾಡಿ ನೋಡಿದರೂ ಕೊನೆಯ ಅಂಕೆಯವರೆಗೆ ಸರಿಯಿದೆ. ಅದೇ ಕಾಲದ ಆಸುಪಾಸಿನಲ್ಲಿ, ಕ್ರಿ.ಶ. 1000ದ ಸುಮಾರಿಗೆ, ಚದುರಂಗದ ಮನೆಗಳಲ್ಲಿ ಇಮ್ಮಡಿಸುತ್ತಾ ಹೋಗುವ ಕಾಳುಗಳ ಮೊತ್ತವಾಗಿ ಏಕಟ್ಠೀಗಿಂತ ಒಂದು ಕಡಿಮೆಯಾದ ಇದೇ ಸಂಖ್ಯೆಯನ್ನು ಅಲ್‌ಬಿರೂನಿ ಲೆಕ್ಕ ಹಾಕಿದ್ದಾನೆ.

ಗೊಮ್ಮಟಸಾರದ ಗಣಿತವನ್ನು ಕನ್ನಡಕ್ಕೆ ತಂದವರು ಕೇಶವವರ್ಣಿಗಳು. ಅಭಯಸೂರಿಗಳ ಶಿಷ್ಯರಾದ ಅವರು 1359ರಲ್ಲಿ ಪೂರೈಸಿದ ಜೀವತತ್ತ್ವಪ್ರದೀಪಿಕೆ ಎಂಬ ಕನ್ನಡ ವೃತ್ತಿಯನ್ನು ಆಧರಿಸಿ ಮುಂದೆ ಅದೇ ಹೆಸರಿನ ಸಂಸ್ಕೃತ ಟೀಕೆ ಹುಟ್ಟಿತು, ಅದನ್ನು ಅವಲಂಬಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ದೇಶಭಾಷಾ ಟೀಕೆಯನ್ನು ಬರೆದರು. ಉತ್ತರ ಭಾರತದ ಜೈನ ಪಾಠಶಾಲೆಗಳಲ್ಲಿ ಬಾದಾಲದ ಘನವನ್ನು ಕಲಿತವರು ಹೀಗೆ ಪರೋಕ್ಷವಾಗಿ ಒಂದು ಕನ್ನಡ ಗ್ರಂಥದ ಋಣದಲ್ಲಿದ್ದರು. ಕನ್ನಡದ ಶಾಸ್ತ್ರಸಾಹಿತ್ಯದ ಚರಿತ್ರೆಯಲ್ಲಿ ಈ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲ.

ಧವಲಾ ಟೀಕೆಯ ಪಾಡು ಬೇರೆಯಾಯಿತು. ಗೊಮ್ಮಟಸಾರ ಪ್ರಚಾರಕ್ಕೆ ಬಂದಷ್ಟೂ ಮೂಲದ ಅಧ್ಯಯನ ಹಿಂದೆ ಸರಿದು, ಹನ್ನೆರಡನೆಯ ಶತಮಾನದ, ಹಳಗನ್ನಡ ಲಿಪಿಯಲ್ಲಿ ಬರೆದ ತಾಳೆಗರಿ ಪ್ರತಿಗಳು ಮೂಡುಬಿದಿರೆಯಲ್ಲಿ, ಗುರುಬಸದಿ ಎಂದೂ ಸಿದ್ಧಾಂತ ಬಸದಿ ಎಂದೂ ಹೆಸರಾದ ಬಸದಿಯಲ್ಲಿ, ಉಳಿದುಕೊಂಡವು. ಯಾತ್ರಿಕರು ಅವುಗಳ ದರ್ಶನ ಮಾಡುತ್ತಿದ್ದರೇ ಹೊರತು ಓದುತ್ತಿದ್ದವರು ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, ಕನ್ನಡದಲ್ಲೂ ದೇವನಾಗರಿಯಲ್ಲೂ ಹೊಸ ಪ್ರತಿಗಳು ಸಿದ್ಧವಾದವು. ಅಮರಾವತಿಯಲ್ಲಿದ್ದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು, ಹದಿನಾರು ಸಂಪುಟಗಳು ಮುಗಿಯಲು ಎರಡು ದಶಕಗಳು ಹಿಡಿದವು. ಮನುಷ್ಯಸಂಖ್ಯೆಯ ಚರ್ಚೆ ಬರುವುದು ಮೂರನೆಯ ಸಂಪುಟದಲ್ಲಿ. ನಾಲ್ಕನೆಯದಕ್ಕೆ ಲಕ್ನೋ ವಿಶ್ವವಿದ್ಯಾಲಯದ ಅವಧೇಶ ನಾರಾಯಣ ಸಿಂಗ್ ಅವರು ಧವಲಾ ಟೀಕೆಯ ಗಣಿತವನ್ನು ಕುರಿತು ಒಂದು ಲೇಖನ ಬರೆದುಕೊಟ್ಟರು; ಅರ್ಧಚ್ಛೇದವೇ ಎರಡರ ಆಧಾರದ ಲಾಗರಿದಂ ಎಂಬುದನ್ನು ಗಣಿತಜ್ಞರ ಗಮನಕ್ಕೆ ತಂದದ್ದು ಆ ಲೇಖನ.

ಇಪ್ಪತ್ತೊಂಬತ್ತು ಅಂಕೆಗಳ ಈ ಸಂಖ್ಯೆಯ ನೆರೆಯ ಸಂಖ್ಯೆಯೊಂದು ಈಗ ಕಂಪ್ಯೂಟರ್ ಕ್ರಮವಿಧಿಗಳನ್ನು ಬರೆಯುವವರಿಗೆ ಪರಿಚಿತ. ಡಾಟ್ ನೆಟ್ ಎಂಬ ತಂತ್ರಾಂಶ ವ್ಯವಸ್ಥೆಯಲ್ಲಿ ಹಣಕಾಸಿನ ಲೆಕ್ಕಗಳಿಗೆಂದು ಇರುವ ಡೆಸಿಮಲ್ ಎಂಬ ಸಂಖ್ಯಾಪ್ರಕಾರವು ಅಂಕೆಗಳನ್ನು ತೊಂಬತ್ತಾರು ಬಿಟ್‌ಗಳಲ್ಲಿ ಇಡುತ್ತದೆ. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಎರಡೇ ಸ್ಥಿತಿಗಳಿರುವ ಒಂದು ಮನೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 79228162514264337593543950335. ಜೈನ ಗ್ರಂಥಗಳಿಗೂ ಈ ಯಂತ್ರಗಳಿಗೂ ಯಾವ ವಂಶಸಂಬಂಧವೂ ಇಲ್ಲ. ಎರಡೆರಡಾಗಿ ಮಡಿಸುವ ಲೆಕ್ಕವನ್ನು ತೊಂಬತ್ತಾರು ಹೆಜ್ಜೆ ನಡೆಸಿದವರೆಲ್ಲರೂ ಅದೇ ಅಂಕೆಗಳನ್ನು ತಲುಪಲೇಬೇಕು. ಒಂದು ಕಡಿಮೆಯಾಗಿರುವುದಕ್ಕೆ ಇಲ್ಲಿನ ಕಾರಣ, ತೊಂಬತ್ತಾರು ಮನೆಗಳಲ್ಲಿ ಆಗುವ ಸ್ಥಿತಿಗಳಲ್ಲಿ ಒಂದು ಸೊನ್ನೆಗೆ ಹೋಗುತ್ತದೆ ಎಂಬುದು. ಶ್ರುತಾಕ್ಷರಗಳ ಲೆಕ್ಕದಲ್ಲಿ ಏಕಟ್ಠೀಗೆ ಒಂದು ಕಡಿಮೆಯಾದದ್ದು ಒಂದು ಅಕ್ಷರವನ್ನೂ ತೆಗೆದುಕೊಳ್ಳದ ಬರಿಯ ಸಂಯೋಗವನ್ನು ಶಾಸ್ತ್ರಕಾರರು ಅಕ್ಷರವೆಂದು ಎಣಿಸಲಿಲ್ಲವಾದ್ದರಿಂದ.